ಶ್ರೀರಾಮಪ್ಪ ನಿಲ್ಲುತ್ತಿದ್ದ ಜಾಗಗಳು

ಬಾವಿಯಿಂದ ಬಿಂದಿಗೆ ಹೊತ್ತು ಬರುತ್ತಿದ್ದ ಮುನಿಶಾಮಿ ಹಾದಿಯಲ್ಲಿ ಎರಡನೇ ಸಲ ನಿಂತ. ಮೊದಲ ಸಲ ನಿಂತಾಗ ಪಂಚೆ ಬಿಗಿ ಮಾಡಿಕೊಂಡಿದ್ದ. ಈ ಸಲ ಪಂಚೆ ಬಿಗಿಯಾಗಿಯೇ ಇತ್ತು. ಆದರೂ ಬೇವಿನ ಮರದ ಬುಡದಲ್ಲಿ ನಿಂತು, ಕೊಂಬೆಯಲ್ಲಿ ಏನೋ ಕಂಡವನ ಹಾಗೆ ಮೇಲೆ ನೋಡಿದ. ಬಾವಿ ಇದ್ದದ್ದು ಕೂಗಳತೆಯಲ್ಲಿ. ಅಣ್ಣನ ಹೆಣದ ಸ್ನಾನಕ್ಕೆ ನೀರು ತರುವವನು ಮರ ನೋಡುತ್ತ ನಿಲ್ಲುವುದುಂಟೆ?

ಅಂಗಳದಲ್ಲಿ ಗಂಡನ ತಲೆಯ ಬಳಿ ಕೂತಿದ್ದ ಆಂಜಿನಮ್ಮ ಅದನ್ನು ಕಂಡಳು.

ಸುತ್ತ ಕೂತ ಹೆಂಗಸರಿಗೆ ಅವಳು ಅಳದೆ ಇರುವುದೇ ದೊಡ್ಡ ಚಿಂತೆಯಾಗಿತ್ತು. ಹೆಣದ ಮುಂದೆ ಹೆಂಡತಿ ಅಳದಿದ್ದರೆ ಊರಿಗೆ ಸಮಾಧಾನವಿರುವುದಿಲ್ಲ. ಹಿಂದಿನ ಸಂಜೆ ಶ್ರೀರಾಮಪ್ಪ ಸೊಪ್ಪಿನ ಹೊರೆ ಹೊತ್ತು ಬಂದವನು ರೇಷ್ಮೆ ಹುಳದ ಮನೆಯ ಬಾಗಿಲಲ್ಲೇ ಕುಸಿದಿದ್ದ. ಹೊರೆಯನ್ನು ಅವನ ಮೇಲಿಂದ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತಾರು ವಯಸ್ಸು. ಎಂಬತ್ತಮೂರನೇ ಇಸವಿಯ ಯುಗಾದಿಗೆ ಇನ್ನೂ ಒಂದು ವಾರವಿತ್ತು.

"ಅತ್ತು ಬಿಡಮ್ಮ, ಎದೇಲಿ ಇಟ್ಕೋಬೇಡ," ಎಂದಳು ದೊಡ್ಡಮುನಿಯಮ್ಮ. ಬೀದಿಯ ತುದಿಯ ಮನೆಯವಳು, ಎಪ್ಪತ್ತು ದಾಟಿದ ಮುದುಕಿ, ಮಂಡಿ ಹಿಡಿದುಕೊಂಡು ಬಂದು ಕೂತಿದ್ದಳು. "ನನ್ನ ಜಗುಲಿ ಮುಂದೆ ನಿಲ್ದೆ ಒಂದಿನಾನೂ ಹೋದವನಲ್ಲ ಕಣೇ ನಿನ್ನ ಗಂಡ. 'ಏನ್ ದೊಡ್ಡಮ್ಮ, ಮಂಡಿ ಹೆಂಗೈತೆ' ಅಂತ ಕೇಳೇ ಹೋಗ್ತಿದ್ದ. ನನ್ನ ಹೊಟ್ಟೇಲಿ ಹುಟ್ಟಿದ ಮಗನೇ ಇವತ್ತಿಗೂ ನನ್ನ ಮಂಡಿ ವಿಚಾರ ಕೇಳಿಲ್ಲ."

"ನಮ್ಮ ಹೊಲದ ಬದೂನಲ್ಲೂ ಅಷ್ಟೇ," ಎಂದ ಚನ್ನರಾಯಪ್ಪ. ಊರಿನ ಹಿರಿಯ, ಸಾವು ನೋವಿನಲ್ಲಿ ಮುಂದೆ ನಿಂತು ಕಾರ್ಯ ನಡೆಸುವವನು. ಬಿದಿರಿನ ಚಟ್ಟ ಕಟ್ಟುತ್ತಿದ್ದವರ ಪಕ್ಕದಲ್ಲಿ ನಿಂತು ಗಂಟು ಪರೀಕ್ಷೆ ಮಾಡುತ್ತಿದ್ದ. "ಅಲ್ಲಿ ನಿಂತು, ಒಂದು ಬೀಡಿ ಹಚ್ಚಿ, ಬೆಳೆ ಹೆಂಗೈತೆ ಮಳೆ ಹೆಂಗೈತೆ ಅಂತ ಎರಡು ಮಾತಾಡ್ದೆ ದಿಣ್ಣೆ ಹತ್ತಿದವನಲ್ಲ. ಅಂಥ ಮಾತುಗಾರ ಇನ್ನೆಲ್ಲಿ ಸಿಗ್ತಾನೆ."

ಆಂಜಿನಮ್ಮ ಯಾರ ಕಡೆಗೂ ನೋಡಲಿಲ್ಲ. ಅವಳ ಕಣ್ಣು ಮೈದುನನ ಕಾಲ ಮೇಲೇ ಇತ್ತು. ಬಲಗಾಲು. ಊರುವಾಗ ಹಿಮ್ಮಡಿ ನೆಲಕ್ಕೆ ತಾಗದ ಹಾಗೆ ಊರುತ್ತಿದ್ದ.

ಮುನಿಶಾಮಿ ಬಿಂದಿಗೆ ಇಳಿಸಲು ಬಗ್ಗಿದಾಗ ಅವಳು ಮೆಲ್ಲಗೆ ಕೇಳಿದಳು. "ಕಾಲು ಹಿಡೀತೈತಾ?"

"ಇಲ್ಲ ಅತ್ಗೆ, ಕಲ್ಲು ಚುಚ್ತು."

"ಎರಡು ಸಲಾನಾ?"

ಅವನು ಬಿಂದಿಗೆ ಇಳಿಸಿ ನೆಟ್ಟಗಾದ. ಅವನ ಹಣೆಯ ಮೇಲೆ ಬೆವರಿತ್ತು. ಬಾವಿಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ಬಂದವನಿಗೆ ಬೆಳಗಿನ ಹೊತ್ತಿನಲ್ಲಿ ಬೆವರು ಬರಬೇಕಾದ ಕಾರಣವಿರಲಿಲ್ಲ.

ಆಂಜಿನಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಮುನಿಶಾಮಿಗೆ ಆರು ವರ್ಷ. ತಾಯಿಯಿಲ್ಲದ ಹುಡುಗ. ಅವಳಿಗೇ ಇನ್ನೂ ಹದಿನಾಲ್ಕು. ಮುದ್ದೆ ಮುರಿದು ಬಾಯಿಗಿಟ್ಟು, ತಲೆಗೆ ನೀರು ಹಾಕಿ, ಹೊಡೆದು, ಮುದ್ದು ಮಾಡಿ ಬೆಳೆಸಿದವಳು ಅವಳೇ. ಅವಳಿಗೆ ಆಮೇಲೆ ಮಕ್ಕಳಾಗಲಿಲ್ಲ. ಈಗ ಗಂಡ ಹೋಗಿದ್ದಾನೆ. ಉಳಿದವನು ಇವನೊಬ್ಬ, ಇವನೂ ನಿಂತು ನಿಂತು ನಡೆಯುತ್ತಿದ್ದಾನೆ.

*

ಶ್ರೀರಾಮಪ್ಪ ಮೊದಲಿಂದ ನಿಲ್ಲುವ ಮನುಷ್ಯನೇ ಅಲ್ಲ. ಮಾತುಗಾರನಂತೂ ಅಲ್ಲವೇ ಅಲ್ಲ. ಮದುವೆಯ ಹೊಸತರಲ್ಲಿ ಅವನ ಹಿಂದೆ ಹೋಗಬೇಕಾದರೆ ಆಂಜಿನಮ್ಮ ಓಡಬೇಕಾಗುತ್ತಿತ್ತು. ಯಾರಾದರೂ "ಎಲ್ಲಿಗಪ್ಪಾ" ಎಂದು ಕೇಳಿದರೆ "ಇಲ್ಲಿಗೇ" ಎಂದು ಹೇಳಿ ಹೋಗಿಬಿಡುತ್ತಿದ್ದ. ಗಂಟುಮುಖದವನು ಎಂದು ಊರಲ್ಲಿ ಹೆಸರಿತ್ತು.

ಎಪ್ಪತ್ತೈದು ಎಪ್ಪತ್ತಾರರ ಸುಮಾರಿಗೆ ಅವನ ಬಲಗಾಲಿನ ಮೀನಖಂಡ ಹಿಡಿಯತೊಡಗಿತು. ತೋಟಕ್ಕೆ ಹೊರಟರೆ ಬೀದಿ ಮುಗಿಯುವಷ್ಟರಲ್ಲಿ ಯಾರೋ ಹಿಂಡಿದ ಹಾಗೆ ನೋವು. ನಿಂತರೆ ಹೋಗುತ್ತಿತ್ತು. ನಡೆದರೆ ಮತ್ತೆ ಬರುತ್ತಿತ್ತು. ಮೊದಲ ಸಲ ಹಾಗೆ ನಿಂತದ್ದು ದೊಡ್ಡಮುನಿಯಮ್ಮನ ಜಗುಲಿಯ ಮುಂದೆ. ಮುದುಕಿ ಕಣ್ಣು ಬಿಟ್ಟು ನೋಡುತ್ತಿದ್ದಳು. ಗಂಡಸು ಸುಮ್ಮನೆ ಬೀದಿಯಲ್ಲಿ ನಿಂತರೆ ಏನೆಂದುಕೊಂಡಾರು ಎಂದು ನಾಚಿಕೆಯಾಗಿ, ಬಾಯಿಗೆ ಬಂದದ್ದನ್ನು ಕೇಳಿದ. "ಏನ್ ದೊಡ್ಡಮ್ಮ, ಮಂಡಿ ಹೆಂಗೈತೆ?" ಮುದುಕಿ ಮಂಡಿಯ ಕತೆ ಪೂರ್ತಿ ಹೇಳಿದಳು. ಅಷ್ಟರಲ್ಲಿ ಕಾಲು ಸರಿಹೋಗಿತ್ತು.

ಹೀಗೆ ಒಂದೊಂದು ಜಾಗ ಗೊತ್ತಾಯಿತು. ಹಾಲಿನ ಡೈರಿ, ಊರಾಚೆ ಹೊಂಗೆ ಮರ, ಚನ್ನರಾಯಪ್ಪನ ಬದು. ನಿಂತ ಕಡೆಯೆಲ್ಲ ಒಂದು ಮಾತು. ಗಂಟುಮುಖದ ಶ್ರೀರಾಮಪ್ಪ ಎರಡು ವರ್ಷದಲ್ಲಿ ಊರಿಗೆಲ್ಲ ಬೇಕಾದ ಮನುಷ್ಯನಾದ. ಯಾರ ಮಗಳ ಹೆರಿಗೆ ಯಾವಾಗ, ಯಾರ ಹಸು ಗಬ್ಬ ಕಟ್ಟಿದೆ, ಎಲ್ಲ ಅವನಿಗೆ ಗೊತ್ತು. ನೆಪಕ್ಕೆಂದು ಶುರುವಾದ ಮಾತು ಆಮೇಲಾಮೇಲೆ ಅವನಿಗೂ ಹಿಡಿಸಿತು. ರಾತ್ರಿ ಉಣ್ಣುವಾಗ ಅವನು ಊರಿನ ಸುದ್ದಿ ಹೇಳುವುದು, ಆಂಜಿನಮ್ಮ ನಗುವುದು. ಆ ದಿನಗಳು ಚೆನ್ನಾಗಿದ್ದವು, ಅದನ್ನೂ ಹೇಳಬೇಕು.

ಮಾತಿನ ಜೊತೆಗೆ ಇನ್ನೊಂದು, ಬೀಡಿ. ಹುಳ ಸಾಕುವವರ ಮನೆಯಲ್ಲಿ ಬೀಡಿ ಹಚ್ಚುವ ಹಾಗಿಲ್ಲ. ಹೊಗೆಸೊಪ್ಪಿನ ಗಾಳಿ ತಾಕಿದರೂ ರೇಷ್ಮೆ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಹಸಿರು ಕಕ್ಕಿ ಸಾಯುತ್ತವೆ. ಅದಕ್ಕೇ ಅವನು ಸೇದುತ್ತಿದ್ದದ್ದು ಹಾದಿಯಲ್ಲಿ, ನಿಂತಾಗ. ನಿಂತ, ಹಚ್ಚಿದ, ಎಳೆದ, ಬೀಡಿ ಮುಗಿಯುವಷ್ಟರಲ್ಲಿ ನೋವು ಹೋಯಿತು. ದಿನಾ ಹೀಗೆ ಆದರೆ ಯಾರಿಗಾದರೂ ಏನನಿಸುತ್ತದೆ?

"ಬೀಡಿ ಸೇದಿದ್ರೆ ಕಾಲು ಬಿಡ್ತದೆ ಕಣೇ," ಎನ್ನುತ್ತಿದ್ದ. "ಯಾವ ಎಣ್ಣೆಗೂ ಬಗ್ಗದ ನೋವು ಬೀಡಿಗೆ ಬಗ್ತದೆ."

ಊರಿನ ಗಂಡಸರು ಹೌದಪ್ಪಾ ಹೌದು ಎಂದರು. ಕಾಲು ನೋವಿದ್ದವರೆಲ್ಲ ಎರಡು ಬೀಡಿ ಜಾಸ್ತಿ ಸೇದಿದರು.

*

"ಇದು ಯಾವಾಗಿಂದ?" ಎಂದು ಆಂಜಿನಮ್ಮ ಓರಗಿತ್ತಿಯನ್ನು ಕೇಳಿದಳು.

ವೆಂಕಟರತ್ನಮ್ಮ ಹುಳದ ಮನೆಯ ಹೊರಗೆ ನಿಂತು, ಒಳಗೆ ಸೊಪ್ಪು ಹಾಕುತ್ತಿದ್ದ ಪಕ್ಕದ ಮನೆಯವರಿಗೆ ಬಾಗಿಲಿಂದಲೇ ಹೇಳಿಕೊಡುತ್ತಿದ್ದಳು. ಸೂತಕದವರು ಒಳಗೆ ಹೋಗುವ ಹಾಗಿಲ್ಲ. ಹುಳ ಪೊರೆ ಬಿಡುವ ನಾಲ್ಕನೇ ಜ್ವರ ಎದ್ದು ರಾಕ್ಷಸರ ಹಾಗೆ ತಿನ್ನುವ ಹೊತ್ತು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತವೆ. ಯಾರು ಸತ್ತರೂ ಅವಕ್ಕೆ ಸೊಪ್ಪು ತಪ್ಪಿಸುವಂತಿಲ್ಲ. ಸ್ನಾನ ಮುಗಿದು ಹೆಣಕ್ಕೆ ಹೊಸ ಬಟ್ಟೆ ಸುತ್ತುತ್ತಿದ್ದರು. ಆ ಸಂದಿಯಲ್ಲಿ ಆಂಜಿನಮ್ಮ ಎದ್ದು ಬಂದಿದ್ದಳು.

"ಯಾವುದಕ್ಕ?"

"ಮುನಿಶಾಮಿ ನಿಂತು ನಿಂತು ನಡೆಯೋದು."

"ಓ ಅದಾ. ದೀಪಾವಳಿಯಿಂದೀಚೆಗೆ. ಅಣ್ಣನ ಬುದ್ಧಿ ತಮ್ಮನಿಗೂ ಬಂತು ಅಂತ ಊರಲ್ಲಿ ನಗ್ತಾರೆ." ವೆಂಕಟರತ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೊರೆ ಹೊತ್ತು ಬಂದ್ರೆ ಎದೇಲಿ ಗ್ಯಾಸು ಅಂತಾರೆ. ದವಡೇವರೆಗೂ ಎಳೀತದಂತೆ. ಸೋಡಾ ಕುಡಿದು ಕೂತ್ಕೊಂಡ್ರೆ ಹೋಗ್ತದೆ. ಯಾಕಕ್ಕ, ಹಿಂಗ್ಯಾಕೆ ನೋಡ್ತೀಯ?"

ಕಾಲಿನ ಜೊತೆಗೆ ಎದೆಯೂ ಸೇರಿಕೊಂಡಿತ್ತು. ಅದು ಆಂಜಿನಮ್ಮನಿಗೆ ಗೊತ್ತಿರಲಿಲ್ಲ.

*

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಶ್ರೀರಾಮಪ್ಪನ ಕೈಯಿಂದ ಹುಳದ ತಟ್ಟೆ ಜಾರಿ ಬಿದ್ದಿತ್ತು. ಬಲಗೈ ಅವನ ಮಾತು ಕೇಳಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಏನೋ ಹೇಳಲು ಹೋದ, ಮಾತು ಮುದ್ದೆಯಾಯಿತು. ಆಂಜಿನಮ್ಮ ಕೂಗಿ ಜನ ಸೇರಿಸುವಷ್ಟರಲ್ಲಿ ಕೈ ಸರಿಹೋಗಿ, ಮಾತು ತಿರುಗಿ, ಎದ್ದು ಕೂತು ನೀರು ಕೇಳಿದ. ಗಾಳಿ ಸೋಕು ಎಂದರು. ತಾಯಿತ ಕಟ್ಟಿಸಿದರು. ಆಂಜಿನಮ್ಮನಿಗೆ ಮಾತ್ರ ನೆಮ್ಮದಿಯಿಲ್ಲ. ಹಟ ಹಿಡಿದು ಅವನನ್ನು ಕೋಲಾರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿಯ ಡಾಕ್ಟರು ಕೈ ನೋಡಿದ ಮೇಲೆ ಪಾದ ನೋಡಿದರು. ಪಾದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಹುಡುಕಿದರು. ಬೆರಳು ಸರಿಸಿ ಹಿಮ್ಮಡಿಯ ಒಳಬದಿಗೆ ಇಟ್ಟರು. ಆಂಜಿನಮ್ಮನಿಗೆ ಪಾದ ಮುಟ್ಟುವ ಡಾಕ್ಟರನ್ನು ಕಂಡು ಮುಜುಗರವಾಯಿತು.

"ಇಲ್ಲಿ ನಾಡಿ ಸಿಗ್ತಾ ಇಲ್ಲ," ಎಂದರು. "ನಡೆದ್ರೆ ಕಾಲು ಹಿಡೀತದಾ? ನಿಂತ್ರೆ ಬಿಡ್ತದಾ?"

"ಬೀಡಿ ಸೇದಿದ್ರೆ ಬಿಡ್ತದೆ ಸಾರ್," ಎಂದ ಶ್ರೀರಾಮಪ್ಪ.

"ಬೀಡಿಯಿಂದ ಬಿಡೋದಲ್ಲ, ನಿಲ್ಲೋದರಿಂದ. ಬೀಡಿ ತಂದಿದ್ದು ಕಾಯಿಲೆ." ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಿಮ್ಮೂರಲ್ಲಿ ಕೆರೆ ಕಾಲುವೆ ಐತಲ್ಲ? ಕಾಲುವೆಗೆ ಹೂಳು ತುಂಬಿದ್ರೆ ನೀರು ಮೊದಲು ತಪ್ಪೋದು ಯಾವ ಗದ್ದೆಗೆ?"

"ಕೊನೆ ಗದ್ದೆಗೆ."

"ಕಾಲು ಅಂದ್ರೆ ಕೊನೆ ಗದ್ದೆ. ರಕ್ತ ಹೋಗೋ ನಾಳದಲ್ಲಿ ಕೊಬ್ಬು ಕೂತು ಗಟ್ಟಿಯಾಗ್ತದೆ. ಒಂದು ದಿನದ್ದಲ್ಲ, ಮೀಸೆ ಮೂಡೋ ವಯಸ್ಸಿಂದ ಕೂರ್ತಾ ಬಂದಿರ್ತದೆ. ಬೀಡಿ, ಬಿ.ಪಿ., ಉಪ್ಪು, ಎಣ್ಣೆ ಎಲ್ಲಾ ಸೇರಿ ಜಾಗ ಸಣ್ಣ ಮಾಡ್ತವೆ. ಕೊನೆ ಗದ್ದೆ ಒಣಗಿದೆ ಅಂದ್ರೆ ಮೇಲಿನ ಕಾಲುವೇಲೂ ಹೂಳಿದೆ. ಎದೆಗೆ ಹೋಗೋದೂ, ತಲೆಗೆ ಹೋಗೋದೂ. ಒಂದು ಹೆಂಟೆ ಕಿತ್ತು ಬಂದು ತಲೆ ಕವಲಲ್ಲಿ ಸಿಕ್ಕಿಕೊಂಡ್ರೆ ಲಕ್ವ. ಮೊನ್ನೆ ಸಿಕ್ಕಿ ಬಿಡ್ತು, ಅದೃಷ್ಟ. ಎದೆ ಕವಲಲ್ಲಿ ಕಟ್ಟಿದ್ರೆ ಹಾರ್ಟ್ ಅಟ್ಯಾಕು."

ಅವರು ಮಾತ್ರೆ ಬರೆದರು, ಬೀಡಿ ಬಿಡು ಎಂದರು, ನೋವು ಬರುವವರೆಗೆ ನಡೆ, ನಿಲ್ಲು, ಮತ್ತೆ ನಡೆ ಎಂದರು. ಕೊನೆಗೆ ಆಂಜಿನಮ್ಮನ ಕಡೆ ತಿರುಗಿದರು. "ಅಣ್ಣ ತಮ್ಮ ಇದ್ದಾರೇನಮ್ಮ? ಒಂದೇ ಊಟ, ಒಂದೇ ರಕ್ತ. ಅವರನ್ನೂ ಒಂದು ಸಲ ಕರ್ಕೊಂಡು ಬಾ."

ಬಸ್ಸಿನಲ್ಲಿ ಬರುವಾಗ ಶ್ರೀರಾಮಪ್ಪ ನಕ್ಕ. "ಮುನಿಶಾಮಿಗೇನಾಗೈತೆ, ಗೂಳಿ ಇದ್ದಂಗವ್ನೆ. ಈ ಬೆಳೆ ಮುಗೀಲಿ, ಕರ್ಕೊಂಡು ಹೋಗಾಣ."

ಆ ಬೆಳೆ ಮುಗಿಯಿತು. ಚಾಕಿ ಮರಿಹುಳ ತಂದು ಇನ್ನೊಂದು ಬೆಳೆ ಇಟ್ಟರು. ಹುಳ ಇರುವಾಗ ಇಬ್ಬರು ಗಂಡಸರು ಒಟ್ಟಿಗೆ ಊರು ಬಿಡುವುದೆಂದರೆ ಆಗದ ಮಾತು. ಮಾತ್ರೆ ಮುಗಿದವು, ಬೀಡಿ ಮುಗಿಯಲಿಲ್ಲ.

*

"ಚನ್ನರಾಯಪ್ಪಣ್ಣ, ಬೆಂಕಿ ಕುಡಿಕೆ ಬೇರೆ ಯಾರಾದ್ರೂ ಹಿಡೀಲಿ," ಎಂದಳು ಆಂಜಿನಮ್ಮ.

ಚಟ್ಟ ಎತ್ತಲು ನಾಲ್ವರು ಸೊಂಟ ಬಗ್ಗಿಸಿದ್ದರು. ತಮಟೆಯವರು ತಮಟೆ ಕಾಯಿಸಿಕೊಂಡು ನಿಂತಿದ್ದರು. ಚನ್ನರಾಯಪ್ಪ ಕಿವಿ ಕೇಳಿಸದವನ ಹಾಗೆ ಅವಳ ಮುಖ ನೋಡಿದ. "ಯಾಕಮ್ಮಾ? ಬೆನ್ನಿಗೆ ಬಿದ್ದ ತಮ್ಮ ಇರುವಾಗ ಬೇರೆಯವರಾ?"

"ಅವನಿಗೆ ಕಾಲು ಸರಿಯಿಲ್ಲ. ಎದೇನೂ ಸರಿಯಿಲ್ಲ."

"ಕಾಲು ನೋವಿಗೆ ಕರ್ಮ ತಪ್ಪಿಸ್ತಾರಾ?"

ಮುನಿಶಾಮಿಯ ಮುಖ ಕೆಂಪಾಯಿತು. "ನನಗೇನಾಗಿಲ್ಲಣ್ಣ. ಅತ್ಗೆಗೆ ಗಾಬರಿ," ಎಂದವನೇ ಕುಡಿಕೆಯ ಹಗ್ಗ ಕೈಗೆ ತೆಗೆದುಕೊಂಡ.

"ಪದಂಡ್ರಾ, ಪದಂಡಿ," ಎಂದು ಚನ್ನರಾಯಪ್ಪ ಎಲ್ಲರನ್ನೂ ಹೊರಡಿಸಿದ. ಅವನಿಗೆ ಅವಸರ ಬಂದರೆ ತೆಲುಗೇ ಬಾಯಿಗೆ ಬರುತ್ತಿತ್ತು.

ಕುಡಿಕೆ ಹಿಡಿದವನು ಎಲ್ಲರಿಗಿಂತ ಮುಂದೆ ಹೋಗಬೇಕು. ಹಿಂದಕ್ಕೆ ತಿರುಗಿ ನೋಡಬಾರದು, ತಾನಾಗಿ ನಿಲ್ಲಬಾರದು. ಚಟ್ಟ ಇಳಿಸುವುದು ಊರಾಚೆಯ ಹೊಂಗೆ ಮರದಡಿ ಒಂದೇ ಸಲ. ಹೆಂಗಸರು ಅಲ್ಲಿಯವರೆಗೆ. ಅಲ್ಲಿಂದ ಮುಂದೆ ತೋಟದವರೆಗೆ ಏರು, ಅಲ್ಲಿ ಗಂಡಸರು ಮಾತ್ರ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದ ಮುನಿಶಾಮಿ, ತಮಟೆ ಓಡಿಸುವ ವೇಗಕ್ಕೆ ಹೆಜ್ಜೆ ಹಾಕುತ್ತಿದ್ದ. ಜನರ ಮುಂದೆ ತನಗೇನೂ ಆಗಿಲ್ಲ ಎಂದು ತೋರಿಸಬೇಕಲ್ಲ. ಹಿಂದೆ ಬರುತ್ತಿದ್ದ ಆಂಜಿನಮ್ಮನಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ಏರಿಳಿಯುವುದನ್ನು ಎಣಿಸುತ್ತ ನಡೆದಳು. ಒಂದೇ ಮನೆಯಿಂದ ಎರಡು ಹೆಣ ಎಂಬ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಬೀದಿಯ ತುದಿ ಬಂತು. ದೊಡ್ಡಮುನಿಯಮ್ಮ ಮಂಡಿ ನೋವೆಂದು ಮುಂಚೆಯೇ ಮನೆಗೆ ಬಂದು ಜಗುಲಿಯ ಮೇಲೆ ಕೂತಿದ್ದಳು. ಮುನಿಶಾಮಿಯ ಬಲಗಾಲು ಒಂದು ಸಲ ತಡವರಿಸಿತು.

ಆಂಜಿನಮ್ಮ ಹೆಂಗಸರ ಗುಂಪಿನಿಂದ ಬಿಡಿಸಿಕೊಂಡು ಚಟ್ಟದ ಪಕ್ಕಕ್ಕೆ ಬಂದಳು. "ಇಳಿಸ್ರಿ ಇಲ್ಲಿ," ಎಂದಳು.

ತಮಟೆ ನಿಂತಿತು. "ಇಲ್ಲೇನಾ?" ಎಂದ ಚನ್ನರಾಯಪ್ಪ.

"ಅವರು ದೊಡ್ಡಮ್ಮನ ಜಗುಲಿ ಮುಂದೆ ನಿಲ್ದೆ ಹೋದವರಲ್ಲ. ನೀವೇ ಎಲ್ಲ ಹೇಳಿದ್ರಿ. ಇವತ್ತೂ ನಿಂತೇ ಹೋಗ್ಲಿ."

ಆ ಮಾತಿಗೆ ಎದುರು ಹೇಳುವವರು ಯಾರು? ಚಟ್ಟ ಇಳಿಯಿತು. ಮುದುಕಿ ಜಗುಲಿಯಿಂದ ಕುಂಡಿ ಎಳೆದುಕೊಂಡು ಇಳಿದು ಬಂದು, ಹೆಣದ ಮೇಲೆ ಪುರಿ ಎರಚಿ, "ಮಂಡಿ ಹೆಂಗೈತೆ ಅಂತ ಕೇಳೋ ನನ್ನಪ್ಪಾ," ಎಂದು ಹೋ ಎಂದು ಅತ್ತಳು. ಜನರೆಲ್ಲ ಅತ್ತರು. ಆಂಜಿನಮ್ಮ ಅಳಲಿಲ್ಲ. ಅವಳು ಮುಂದೆ ಹೋಗಿ ಮುನಿಶಾಮಿಯ ಪಕ್ಕ ನಿಂತು, "ಉಸಿರು ತಗೋ," ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ.

ಅವನು ತಿರುಗಿ ನೋಡುವ ಹಾಗಿರಲಿಲ್ಲ. ಆದರೆ ಅವನಿಗೆ ಅರ್ಥವಾಗಿತ್ತು. ಕುತ್ತಿಗೆಯ ನರ ಪಟಪಟ ಹೊಡೆಯುತ್ತಿದ್ದದ್ದು ಸ್ವಲ್ಪ ಹೊತ್ತಿಗೆ ಇಳಿಯಿತು.

ಡೈರಿಯ ಮುಂದೆ ಮತ್ತೆ ನಿಲ್ಲಿಸಿದಳು. ಅಷ್ಟರಲ್ಲಿ ಊರಿಗೇ ಆಸೆ ಹುಟ್ಟಿತು. "ನಮ್ಮನೆ ಮುಂದೇನೂ ನಿಲ್ತಿದ್ದಮ್ಮ," ಎಂದು ಅಂಗಡಿಯವನು ಬಂದ. "ನಮ್ಮ ಕೊಟ್ಟಿಗೆ ಹತ್ರಾನೂ," ಎಂದಳು ಇನ್ನೊಬ್ಬಳು. ಶ್ರೀರಾಮಪ್ಪ ಯಾವತ್ತೂ ನಿಲ್ಲದ ಮನೆಯವರೂ, ಅವನ ಹತ್ತಿರ ಮಾತು ಬಿಟ್ಟಿದ್ದವರೂ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತರು. ತನ್ನ ಮನೆಯೊಂದನ್ನೇ ದಾಟಿ ಹೋದರೆ ನಾಳೆ ಜನ ಏನೆಂದಾರು ಎಂಬ ಭಯ ಎಲ್ಲರಿಗೂ. ಆಂಜಿನಮ್ಮ ಯಾರಿಗೂ ಇಲ್ಲ ಎನ್ನಲಿಲ್ಲ. ಎಷ್ಟು ನಿಂತರೆ ಅಷ್ಟು ಒಳ್ಳೆಯದು.

"ಹಿಂಗಾದ್ರೆ ಹೊತ್ತು ಮುಳುಗ್ತದೆ," ಎಂದು ಚನ್ನರಾಯಪ್ಪ ಗೊಣಗಿದ.

"ಮುಳುಗ್ಲಿ," ಎಂದಳು.

ಹೊಂಗೆ ಮರದಡಿ ಪದ್ಧತಿಯಂತೆ ಚಟ್ಟ ಇಳಿಸಿದರು. ಕರ್ಮ ಹಿಡಿದವನು ಸತ್ತವನ ಕಿವಿಯಲ್ಲಿ ಮೂರು ಸಲ ಕೂಗಬೇಕು. ಜೀವವೆಲ್ಲಾದರೂ ಉಳಿದಿದ್ದರೆ ಓಗೊಡಲಿ ಎಂದು. ಮುನಿಶಾಮಿ ಮಂಡಿಯೂರಿ ಬಗ್ಗಿದ. ಬಾಯಿ ತೆರೆದ. ಸ್ವರ ಬರಲಿಲ್ಲ. ಎಡಗೈ ದವಡೆಗೆ ಹೋಯಿತು, ಅಲ್ಲಿಂದ ಎದೆಗೆ ಇಳಿಯಿತು. ಜನ ದುಃಖ ಎಂದುಕೊಂಡರು. ಆಂಜಿನಮ್ಮ ಹಾಗೆಂದುಕೊಳ್ಳಲಿಲ್ಲ.

"ಅಣ್ಣಯ್ಯಾ," ಎಂದ ಕೊನೆಗೆ. ಇನ್ನೆರಡು ಸಲ ಅವನ ತುಟಿ ಅಲ್ಲಾಡಿತು ಅಷ್ಟೆ.

ಹೆಂಗಸರು ಹಿಂದಕ್ಕೆ ತಿರುಗಿದರು. ಆಂಜಿನಮ್ಮ ತಿರುಗಲಿಲ್ಲ. ವೆಂಕಟರತ್ನಮ್ಮ ಅವಳ ಸೆರಗು ಹಿಡಿದು ಜಗ್ಗಿದಳು. "ಬಾ ಅಕ್ಕ, ಮುಂದಕ್ಕೆ ಹೋಗಬಾರದು."

"ಹೆಂಗಸರು ಬರಂಗಿಲ್ಲಮ್ಮ," ಎಂದ ಚನ್ನರಾಯಪ್ಪ. ಅವನ ದನಿಯಲ್ಲಿ ಈ ಸಲ ನಿಜವಾದ ಗಾಬರಿಯಿತ್ತು. "ನನ್ನ ತಲೆ ಮೇಲೆ ತರಬೇಡ."

"ಅವರು ನಿಲ್ಲೋ ಜಾಗ ಇನ್ನೂ ಅವೆ. ನಿಮಗ್ಯಾರಿಗೂ ಗೊತ್ತಿಲ್ಲ, ನನಗೊಬ್ಬಳಿಗೇ ಗೊತ್ತು. ನಾನು ಬರ್ತೀನಿ."

"ಇಲ್ಲಿಂದ ಮುಂದಕ್ಕೆ ಚಟ್ಟ ಇಳಿಸಂಗಿಲ್ಲ."

"ಇಳಿಸಬೇಡಿ. ಹೊತ್ಕೊಂಡೇ ನಿಂತ್ಕೊಳ್ರಿ, ಹೆಗಲು ಬದಲಾಯಿಸ್ರಿ." ಅವಳು ಸೆರಗು ಬಿಡಿಸಿಕೊಂಡು ಗಂಡಸರ ನಡುವೆ ನಡೆದೇಬಿಟ್ಟಳು.

ಏರಿನಲ್ಲಿ ನಾಲ್ಕು ಕಡೆ ನಿಲ್ಲಿಸಿದಳು. ನಾಲ್ಕರಲ್ಲಿ ಶ್ರೀರಾಮಪ್ಪ ನಿಲ್ಲುತ್ತಿದ್ದದ್ದು ಒಂದೇ ಕಡೆ, ಚನ್ನರಾಯಪ್ಪನ ಬದುವಿನಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಚನ್ನರಾಯಪ್ಪನ ಸಿಟ್ಟು ಕರಗಿತ್ತು. ಅವನು ಜೇಬಿನಿಂದ ಬೀಡಿ ತೆಗೆದು ಹಚ್ಚಿ ಒಂದು ದಮ್ಮು ಎಳೆದು, ಕೈ ಎತ್ತಿ ಶ್ರೀರಾಮಪ್ಪನ ತುಟಿಯ ಮೇಲೆ ಇಟ್ಟ. ಅವನ ಕಣ್ಣಲ್ಲಿ ನೀರು ಬಂತು. "ಕೊನೇದು ಎಳ್ಕೊಳಪ್ಪಾ," ಎಂದ. ಆಮೇಲೆ ಇನ್ನೊಂದು ಹಚ್ಚಿ ಮುನಿಶಾಮಿಯ ಕಡೆ ಚಾಚಿದ. "ನೀನೂ ಒಂದು ದಮ್ಮು ಎಳಿಯೋ. ಕಾಲು ಬಿಡ್ತದೆ, ನಿಮ್ಮಣ್ಣನ ಔಷಧಿ."

ಮುನಿಶಾಮಿ ಕೈ ಚಾಚಿದ. ಆಂಜಿನಮ್ಮ ಆ ಕೈಗೆ ಹೊಡೆದಳು. ಬೀಡಿ ರಾಗಿ ಕೂಳೆಯಲ್ಲಿ ಬಿತ್ತು.

ಹೆಣ ಹೊತ್ತವರೂ ಹೆಗಲು ಬದಲಾಯಿಸುವುದನ್ನು ಮರೆತರು.

"ಒಂದು ಹುಳಕ್ಕೆ ಹೊಗೆ ತಾಕಬಾರದು ಅಂತ ಇವರು ಮನೆಯಿಂದಾಚೆ ಸೇದಿದ್ರಲ್ಲ," ಎಂದಳು. "ಹುಳಕ್ಕಾಗದ ಹೊಗೆ ಮನುಷ್ಯನಿಗಾಗ್ತದೇನ್ರಿ? ಇವರಿಗೆ ಕಾಲಲ್ಲಿ ರಕ್ತ ಓಡ್ತಿರಲಿಲ್ಲ. ಅದಕ್ಕೆ ನಿಲ್ತಿದ್ರು. ನಿಮ್ಮ ಬೆಳೆ ನೋಡೋಕಲ್ಲ, ನಿಮ್ಮ ಮಂಡಿ ಕೇಳೋಕಲ್ಲ. ಕಾಲಿಗೆ ಬಂದಿದ್ದೇ ಎದೆಗೆ ಬಂತು. ಇವನಿಗೂ ಬಂದೈತೆ."

ಹೇಳಿದ ಮೇಲೆ ಅವಳಿಗೆ ಕೆಡುಕೆನಿಸಿತು. ಗಂಡನ ಒಳ್ಳೆಯ ಹೆಸರನ್ನು ತಾನೇ ಹಾದಿಯಲ್ಲಿ ಚೆಲ್ಲಿದ ಹಾಗೆ. ಚನ್ನರಾಯಪ್ಪ ತನ್ನ ಕೈಯ ಬೀಡಿ ಕಟ್ಟನ್ನೇ ನೋಡುತ್ತ ನಿಂತಿದ್ದ.

"ನಿಲ್ಲೋಕೆ ಕಾಲು ನೋವು ಇದ್ದಿರಬಹುದಮ್ಮ," ಎಂದ. "ನನ್ನ ಎತ್ತು ಸತ್ತಾಗ ಬಂದು ಪಕ್ಕದಲ್ಲಿ ಕೂತವ್ನಲ್ಲ, ಅದಕ್ಕೂ ಕಾಲು ನೋವೇನಾ?"

ಆಗ ಅವಳು ಅತ್ತಳು. ಬದುವಿನ ಮೇಲೆ ಕೂತು, ತಲೆ ಬಗ್ಗಿಸಿ, ಬೆಳಗಿನಿಂದ ಊರು ಕಾದಿದ್ದ ಅಳುವನ್ನೆಲ್ಲ ಅತ್ತಳು. ಗಂಡಸರು ಹೆಣ ಹೊತ್ತುಕೊಂಡೇ ಕಾದರು. ಮುನಿಶಾಮಿಯೂ ಅವಳ ಪಕ್ಕ ಕೂತ. ಕುಡಿಕೆ ಹಿಡಿದವನು ಕೂರಬಾರದು ಎಂದು ಯಾರೂ ಹೇಳಲಿಲ್ಲ.

*

ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಮಣ್ಣು ಮಾಡಿ, ತೋಟದ ಬಾವಿಯಲ್ಲಿ ಮಿಂದು ಎಲ್ಲರೂ ಇಳಿದರು. ಹೊತ್ತು ಇಳಿಯುತ್ತಿತ್ತು. ಮನೆಯಲ್ಲಿ ಶ್ರೀರಾಮಪ್ಪ ಬಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಆ ದೀಪ ನೋಡಿ ಗಂಡಸರು ಮನೆಗಳಿಗೆ ಹೋಗಬೇಕು, ಹೆಂಡತಿ ಮೂಲೆ ಹಿಡಿದು ಕೂರಬೇಕು.

ಊರ ಕಡೆ ತಿರುಗುವಲ್ಲಿ ಆಂಜಿನಮ್ಮ ತಿರುಗಲಿಲ್ಲ. ರಸ್ತೆಯ ಕಡೆ ನಡೆದಳು. "ಮುನಿಶಾಮಿ, ಬಾ."

"ಎಲ್ಲಿಗತ್ಗೆ?"

"ಕೋಲಾರಕ್ಕೆ. ಶ್ರೀನಿವಾಸಪುರದಿಂದ ಬಸ್ಸು ಬರೋ ಹೊತ್ತು."

ಅವನು ಸುತ್ತ ನೋಡಿದ. ಜನ ನಿಂತು ಕೇಳುತ್ತಿದ್ದರು. "ಸೂತಕದಲ್ಲಿ ಹೊಸಲು ದಾಟಿದ್ರೆ ಜನ ಏನಂತಾರೆ? ನೀನು ಹಿಂಗೆ ಬಸ್ಸಿಗೆ ಬರೋದಾ? ನಾಡಿದ್ದು ಹಾಲು ತುಪ್ಪ ಆಗ್ಲಿ, ಆಮೇಲೆ ನಾನೇ ಹೋಗ್ತೀನಿ."

"ಆಮೇಲೆ ಹನ್ನೊಂದನೇ ದಿನ ಅಂತೀಯ."

"ಹುಳ ಹಣ್ಣಾಗ್ತವೆ ಅತ್ಗೆ. ಗೂಡು ಕಟ್ಟೋಕೆ ಚಂದ್ರಿಕೆಗೆ ಹಾಕೋರು ಯಾರು? ಈ ಬೆಳೆ ಒಂದು ಮುಗೀಲಿ."

ಆ ಮಾತು ಕೇಳಿ ಅವಳು ನಿಂತಳು. ಇಪ್ಪತ್ತು ವರ್ಷ ಹುಳ ಸಾಕಿದ ಹೆಂಗಸು. ಹುಳದ ಮನೆಯಲ್ಲಿ ಕೆಟ್ಟ ಮಾತು ಆಡಿದವಳಲ್ಲ, ಒಂದು ಹುಳ ಕಾಲಿಗೆ ಸಿಕ್ಕಿದರೂ ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡವಳು.

"ಹುಳ ಸಾಯ್ಲಿ," ಎಂದಳು.

ಮುನಿಶಾಮಿ ಅವಳ ಪಕ್ಕಕ್ಕೆ ಬಂದ. ಚನ್ನರಾಯಪ್ಪ ಗಂಟಲು ಸರಿ ಮಾಡಿಕೊಂಡ. ಏನೋ ಹೇಳುತ್ತಾನೆ ಎಂದು ಎಲ್ಲರೂ ಕಾದರು. "ಹುಳ ನಾವು ನೋಡ್ಕೊಂತೀವಿ, ಹೋಗ್ರಿ," ಎಂದಷ್ಟೇ ಹೇಳಿ ಊರ ಕಡೆ ತಿರುಗಿದ.

ರಸ್ತೆ ಮುಟ್ಟುವ ಮೊದಲೇ ಬಸ್ಸಿನ ಸದ್ದು ಕೇಳಿತು. ಮುನಿಶಾಮಿ ಓಡಲು ಹೊರಟ. ಅವಳು ರಟ್ಟೆ ಹಿಡಿದು ನಿಲ್ಲಿಸಿ, ತಾನೇ ಮುಂದೆ ಹೋಗಿ ರ‍ಸ್ತೆಗೆ ಅಡ್ಡ ನಿಂತು ಕೈ ಎತ್ತಿದಳು. ಒದ್ದೆ ಸೀರೆ, ಬಿಚ್ಚಿದ ತಲೆ, ಹಣೆಯಿಂದ ಮೂಗಿನವರೆಗೆ ಇಳಿದ ಕುಂಕುಮ. ಸಾವಿನ ಮನೆಯ ಹೆಂಗಸೆಂದು ಡ್ರೈವರಿಗೆ ದೂರದಿಂದಲೇ ತಿಳಿದಿರಬೇಕು. ಬಸ್ಸು ಅವಳನ್ನು ಬಳಸಿಕೊಂಡು ದಾಟಿ, ಬಹಳ ಮುಂದೆ ಹೋಗಿ, ಮನಸ್ಸು ಬದಲಾಯಿಸಿದ ಹಾಗೆ ನಿಂತಿತು.

"ಬೇಗ ಬನ್ರಿ, ಓಡ್ಬನ್ರಿ," ಎಂದು ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗಿದ.

"ಓಡಲ್ಲ," ಎಂದು ಕೂಗಿದಳು ಆಂಜಿನಮ್ಮ. "ನಿಲ್ಸಿರಪ್ಪಾ. ನಿಧಾನಕ್ಕೆ ಬರ್ತೀವಿ."

ಕಿಟಕಿಗಳಿಂದ ತಲೆಗಳು ಹೊರಬಂದವು. ಕಂಡಕ್ಟರ್ ಸೀಟಿ ಊದಿದ. ಇನ್ನೊಂದು ಸಲ ಊದಿದ. ಅತ್ತಿಗೆ ಮೈದುನ ಇಬ್ಬರೂ ರಸ್ತೆಯ ಅಂಚಿನಲ್ಲಿ ಒಂದೇ ಸಮನೆ ಹೆಜ್ಜೆ ಹಾಕುತ್ತ ಬಸ್ಸಿನ ಕಡೆ ನಡೆದರು. ಅರ್ಧ ದೂರ ಹೋಗುವಷ್ಟರಲ್ಲಿ ಮುನಿಶಾಮಿ ನಿಂತ. ಅವಳೂ ನಿಂತಳು. ಎತ್ತಿದ ಕೈಯನ್ನು ಮಾತ್ರ ಇಳಿಸಲಿಲ್ಲ.